ಹೊಟ್ಟೆಗೆ ಹಾಕಿಕೊಳ್ಳುವ ಮಾತು

ನೋವು ಮಂಡಿಯದು, ಸ್ವಾಮಿ,
ಕತ್ತರಿ ಹೊಟ್ಟೆಗೆ ಯಾಕೆ?
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು
ಅಂದೆ. ಡಾಕ್ಟರು ನಕ್ಕರು.
ನಾನು ನಗಲಿಲ್ಲ.

ಕಿಟಕಿಯ ಬೆಳಕಿಗೆ ಎಕ್ಸ್‌ರೇ ಹಿಡಿದು ತೋರಿಸಿದರು:
ಇಲ್ಲೊಂದು ಸಂದು ಇರಬೇಕಿತ್ತು, ಈಗಿಲ್ಲ.
ಮೂಳೆಯ ಮೇಲೆ ಮೂಳೆ ಕೂತಿದೆ,
ಗೋಪಾಳದ ಸಿಟಿ ಬಸ್ಸಿನಲ್ಲಿ
ಇಬ್ಬರ ಸೀಟಿಗೆ ಮೂವರು ಕೂತ ಹಾಗೆ.
ಇಬ್ಬರದನ್ನು ನಾನೊಬ್ಬಳೇ ಹಿಡಿಯುತ್ತೇನೆಂದು
ಕಂಡಕ್ಟರು ಒಮ್ಮೆ ಟಿಕೆಟ್ ಕೊಡುತ್ತಾ ಅಂದಿದ್ದ.

ನೂರಾ ನಾಲ್ಕು ಕಿಲೋ.
ಈ ಭಾರಕ್ಕೆ ಹೊಸ ಮಂಡಿ ಹಾಕಿದರೂ ಬೇಗ ಸವೆಯುತ್ತದೆ,
ಮೊದಲು ಹೊಟ್ಟೆ ಸಣ್ಣದು ಮಾಡಿಸಿ,
ಒಂದು ಬಾಳೆಕಾಯಿಯಷ್ಟು ಉಳಿಸುತ್ತಾರೆ ಅಂತ
ಮಣಿಪಾಲಕ್ಕೆ ಚೀಟಿ ಬರೆದರು.

ಹೊರಗೆ ಬೆಂಚಿನ ಮೇಲೆ ಮಂಡಿಗಳ ಸಂತೆ.
ದೇವರು ಕೊಟ್ಟ ಹೊಟ್ಟೆಗೆ ಕೈ ಹಾಕಬಾರದು
ಅಂದರು ರಿಟೈರಾದ ಡ್ರಿಲ್ ಮಾಸ್ತರು ಕರಿಬಸಪ್ಪ;
ಅವರ ಎರಡೂ ಮಂಡಿಯೊಳಗೆ ಸ್ಟೀಲಿದೆ.
ಬಾಯಿ ಕಟ್ಟಿದರೆ ಸಾಕಲ್ಲ, ಚಾಕು ಯಾಕೆ
ಅಂದಳು ಹೊಸನಗರದ ಮೈಮೂನಾ.
ಕಟ್ಟಿದ್ದೆ ಕಣಮ್ಮಾ. ಮೆಂತ್ಯದ ನೀರು, ಹುರುಳಿ ಕಟ್ಟು, ಒಪ್ಪೊತ್ತು.
ಇಳಿದ ನಾಲ್ಕು ಕಿಲೋ ಯುಗಾದಿಗೆ ನೆಂಟರ ಹಾಗೆ ತಿರುಗಿ ಬಂತು,
ಜೊತೆಗೆ ಇನ್ನೆರಡನ್ನು ಕರಕೊಂಡು.

ಮಾಡಿಸಿಕೊಂಡವಳು ಅಲ್ಲಿದ್ದದ್ದು ಒಬ್ಬಳೇ,
ಡಿಪೋದ ಸುಗುಣಾಕ್ಷಿ.
ಮೂವತ್ತೆಂಟು ಕಿಲೋ ಇಳಿದಿದ್ದಾಳೆ, ಅರ್ಧ ಜಡೆಯೂ ಇಳಿದಿದೆ.
ಮಂಡಿ? ಅಂದೆ.
ನೋಯುತ್ತೆ, ಆದರೆ ಮೊದಲಿನ ಹಾಗೆ ಬೈಯಲ್ಲ.
ಹಸಿವು?
ನೆನಪಿದೆ ಅಷ್ಟೆ. ಎರಡನೇ ಇಡ್ಲಿಯ ಮುಂದೆ ಕೂತು ಅತ್ತಿದ್ದೇನೆ ಅಕ್ಕಾ,
ಮನೆ ಖಾಲಿ ಮಾಡಿಕೊಂಡು ಹೋದ ಗೆಳತಿಯ
ಬಾಗಿಲ ಮುಂದೆ ನಿಂತ ಹಾಗೆ.

ನಾನು ನೂರಾ ಅರವತ್ತು ಮಕ್ಕಳಿಗೆ ಬೇಯಿಸುವವಳು.
ಉಪ್ಪು ನೋಡಲು ಅಂಗೈಗೆ ಬಿಟ್ಟುಕೊಂಡ ಸಾರು
ಇಪ್ಪತ್ತೆರಡು ವರ್ಷಕ್ಕೆ ಎಷ್ಟು ಕೊಳಗ ಆಗಿರಬಹುದು?
ತಳದಲ್ಲಿ ಮಿಕ್ಕ ಅನ್ನ ಚೆಲ್ಲಲು ಕೈ ಬಾರದೆ
ಹೊಟ್ಟೆಗೆ ಹಾಕಿಕೊಂಡೆ.
ಹೆಡ್‌ಮಾಸ್ತರ ಮಾತು, ಮೂರು ತಿಂಗಳು ಬಾರದ ಸಂಬಳ,
ಅವರ ಕುಡಿತ, ನಾದಿನಿಯ ನಗು,
ಎಲ್ಲಾ ಹೊಟ್ಟೆಗೆ ಹಾಕಿಕೋ ಅಂದವರೇ ಊರೆಲ್ಲ.
ಬಾಳೆಕಾಯಿಯಷ್ಟು ಹೊಟ್ಟೆಗೆ
ಇನ್ನು ಯಾರದನ್ನು ಹಾಕಿಕೊಳ್ಳಲಿ?

ನಿಜ ಹೇಳಲಾ,
ಮಂಡಿನೋವು ಅಂದರೆ ಅಯ್ಯೋ ಅಂತ ಕುರ್ಚಿ ಎಳೆದುಕೊಡುತ್ತಾರೆ.
ಹೊಟ್ಟೆ ಕೊಯ್ಸಿಕೊಂಡೆ ಅಂದರೆ
ತಿಂದೂ ತಿಂದೂ ಅನ್ನುತ್ತಾರೆ.
ನೋವಿಗೆ ಮಾನ ಇದೆ. ತೂಕಕ್ಕಿಲ್ಲ.

ಆದರೂ ಆ ಒಂದು ಲೆಕ್ಕ ಬಿಡುತ್ತಿಲ್ಲ.
ಒಂದು ಕಿಲೋ ಇಳಿದರೆ
ಹೆಜ್ಜೆಗೆ ನಾಲ್ಕು ಕಿಲೋ ಮಂಡಿಗೆ ಹಗುರವಂತೆ.
ಬೆಳಿಗ್ಗೆ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಮುಂದೆ ನಿಂತು ಎಣಿಸಿದೆ:
ಮೂವತ್ತು ಇಳಿದರೆ ನೂರಿಪ್ಪತ್ತು,
ಎರಡು ಮೂಟೆ, ಮೇಲೆ ಇಪ್ಪತ್ತು.
ಸೀಗೆಹಟ್ಟಿಯ ಮನೆಯಿಂದ ಶಾಲೆಯವರೆಗೆ
ಹೆಜ್ಜೆ ಹೆಜ್ಜೆಗೂ ಇದನ್ನು ಹೊತ್ತೆನೇ,
ಕೂಲಿಯಿಲ್ಲದೆ?

ನೆಲಕ್ಕೆ ಕೂತು ಏಳಲು ಆಗುತ್ತದಾ ಅಂತ ಕೇಳಿದ್ದೆ.
ಮಾತು ಕೊಡಲಾರೆ ಅಂದಿದ್ದರು ಡಾಕ್ಟರು.
ಅವರು ಆಡಿದ್ದರಲ್ಲಿ ನಾನು ನಂಬಿದ್ದು ಅದೊಂದೇ.

ಚೀಟಿ ಬೇಳೆ ಡಬ್ಬದ ಕೆಳಗಿದೆ,
ಒಂದು ಮೂಲೆಗೆ ಎಣ್ಣೆ ಹತ್ತಿದೆ.

ಇವತ್ತೂ ಸೊಪ್ಪು ಸೋಸಿ ಏಳುವಾಗ
ಆರನೇ ಕ್ಲಾಸಿನ ಅಫ್ಶೀನ್, ಸಿಂಚನಾ ಓಡಿ ಬಂದು
ಒಂದೊಂದು ಕೈ ಹಿಡಿದು
ಒಂದು, ಎರಡು, ಐಸಾ ಅಂತ ಎಳೆದರು.
ಆಪರೇಷನ್ ಆದ್ಮೇಲೆ ನೀವೊಬ್ರೇ ಏಳ್ತೀರಾ ಆಂಟಿ?
ಏಳಬಹುದು, ಅಂದೆ.
ಸಿಂಚನಾ ಕುಣಿಯುತ್ತಾ ಗಂಟೆ ಹೊಡೆಯಲು ಓಡಿದಳು.
ಅಫ್ಶೀನ್ ಮಾತ್ರ ಕೈ ಬಿಡದೆ ನಿಂತಳು:
ಹಾಗಾದ್ರೆ ನಾವು?